ಮೂವತ್ನಾಲ್ಕು ಅಂಕದ ಕ್ಯಾಮರಾ

ನನ್ನ ಕ್ಯಾಮರಾ ಬರುವವರೆಗೆ ನಮ್ಮ ಮಾವನ ಕೈಯಲ್ಲಿ ಪಾಸಾದವು ಈ ಭೂಮಿಯ ಮೇಲೆ ನಾಲ್ಕೇ ನಾಲ್ಕು. ಒಂದು, ಅವರ ಮನೆಯ ಅರೆಯುವ ಕಲ್ಲು. ಎರಡು, ಮೂವತ್ತು ವರ್ಷ ಹೈಸ್ಕೂಲಿಗೆ ತುಳಿದ ಸೈಕಲ್ಲು. ಮೂರು, ಅತ್ತೆ ಮಾಡುವ ಬಂಗಡೆ ಸಾರು. ನಾಲ್ಕನೆಯದು ನನ್ನ ಗಂಡ. ಅವರೂ ಸುಮ್ಮನೆ ಪಾಸಾದವರಲ್ಲ, ಮೂರು ಗ್ರೇಸ್ ಮಾರ್ಕ್ಸ್ ಹಾಕಿಸಿಕೊಂಡು ಮೂವತ್ತೈದಕ್ಕೆ ಬಂದು ನಿಂತವರು!

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಮನೆ ಭಾವಿಕೇರಿಯಲ್ಲಿ, ಅಂಕೋಲೆಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರಿಕೆ. ವರ್ಷಕ್ಕೊಮ್ಮೆ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಲು ಹೋಗುತ್ತಿದ್ದರು. ಆದರೆ ಪೇಪರ್ ತಿದ್ದುವುದು ಎಂಬ ಮಾತು ಅವರ ಬಾಯಲ್ಲಿ ಒಮ್ಮೆಯೂ ಬಂದದ್ದಿಲ್ಲ. ಅದು ಮೌಲ್ಯಮಾಪನ! ಜೊತೆಯ ಮಾಸ್ತರರೆಲ್ಲ ನಿವೃತ್ತರಾದ ಮೇಲೆ ಯಾರೋ ಗದ್ದೆ ನೋಡಿಕೊಂಡರು, ಯಾರೋ ಪಂಚಾಯ್ತಿ ಚುನಾವಣೆಗೆ ನಿಂತರು. ಮಾವ ಮೌಲ್ಯಮಾಪನವನ್ನೇ ಮುಂದುವರಿಸಿದರು. ಉತ್ತರ ಪತ್ರಿಕೆಗಳು ಬರುವುದು ನಿಂತಿದ್ದರಿಂದ, ಕೈಗೆ ಸಿಕ್ಕ ವಸ್ತುಗಳನ್ನೇ ತಿದ್ದತೊಡಗಿದರು.

ಅದಕ್ಕೊಂದು ಕ್ರಮವಿತ್ತು. ಗೆರೆ ಹಾಕಿದ ಉದ್ದನೆಯ ಹಾಳೆ. ಎಡಕ್ಕೆ ಮಡಿಸಿದ ಅಂಚು. ಕೆಂಪು ಶಾಯಿಯ ಪೆನ್ನು. ಕೊನೆಯಲ್ಲಿ ಒಟ್ಟು ಅಂಕಕ್ಕೊಂದು ಸುತ್ತು, ಅದರ ಕೆಳಗೆ ಪರೀಕ್ಷಕರ ಷರಾ. ಪಾಸಾಗಲು ಮೂವತ್ತೈದು. ಗ್ರೇಸ್ ಎಂದರೆ ಹೆಚ್ಚೆಂದರೆ ಮೂರು, ಅದೂ ಹೊರಗಿನವರಿಗೆ ಮಾತ್ರ, ಮನೆಯವರಿಗೆ ಕೊಟ್ಟರೆ ಪಕ್ಷಪಾತವಾಗುತ್ತದೆ. ಅತ್ತೆಯ ಮಿಕ್ಸಿಗೆ ಇಪ್ಪತ್ತೆರಡು ಬಂತು. ಬಾವಿಗೆ ಹಾಕಿಸಿದ ಪಂಪಿಗೆ ಇಪ್ಪತ್ತೊಂಬತ್ತು. ಆ ಪಂಪು ಹನ್ನೊಂದು ವರ್ಷ ನೀರು ಎತ್ತಿದೆ, ಆದರೂ ಮಾವನ ಲೆಕ್ಕದಲ್ಲಿ ಅದು ನಪಾಸಾದ ಪಂಪೇ.

ಈ ಚಟ ನಿವೃತ್ತಿಗಿಂತ ಮೊದಲೇ ಇತ್ತು ಎನ್ನುವುದಕ್ಕೆ ನನ್ನ ಗಂಡನೇ ಸಾಕ್ಷಿ. ಅವರು ರಾಮನಗುಳಿಯವರು. ನನ್ನನ್ನು ನೋಡಲು ಬಂದ ದಿನ ಊಟಕ್ಕೆ ತಾರ್ಲೆ ಮೀನು ಬಡಿಸಿದ್ದರು. ಸಮುದ್ರದಿಂದ ದೂರದ ಊರಿನವರು, ಮುಳ್ಳು ಬಿಡಿಸಲು ಒದ್ದಾಡಿದರು. ಅಲ್ಲಿಗೆ ಐದು ಅಂಕ ಹೋಯಿತು. ಉಳಿದದ್ದು ಎಲ್ಲಿ ಹೋಯಿತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮದುವೆಗೆ ಮೊದಲು ಹೊರಗಿನವರೇ ಆಗಿದ್ದರಿಂದ ಗ್ರೇಸ್ ಸಿಕ್ಕಿತು, ನನಗೆ ಗಂಡ ಸಿಕ್ಕರು.

ಇನ್ನು ನನ್ನ ಕತೆ ಕೇಳಿ. ಹತ್ತನೆಯ ತರಗತಿಯ ಪ್ರಿಪರೇಟರಿ ಪರೀಕ್ಷೆಯಲ್ಲಿ, ಸ್ವಂತ ತಂಗಿಯ ಮಗಳಿಗೆ ಗಣಿತದಲ್ಲಿ ಮೂವತ್ನಾಲ್ಕು ಕೊಟ್ಟ ಮಹಾನುಭಾವರು ಇವರು! ಏಳನೆಯ ಲೆಕ್ಕದ ಉತ್ತರ ಮೈನಸ್ ಮೂರು. ನಾನು ಮೈನಸ್ ಮೂರು ಎಂದೇ ಬರೆದಿದ್ದೆ. ಪೆನ್ನಿನ ಶಾಯಿ ಮುಗಿಯುತ್ತ ಬಂದು ಆ ಅಡ್ಡಗೆರೆ ತೆಳ್ಳಗಾಗಿತ್ತು, ಅಷ್ಟೇ. ಮಾವ ಒಂದು ಅಂಕ ಕಳೆದರು. ಅವತ್ತು ಸಂಜೆಯೇ ಪೇಪರ್ ಹಿಡಿದುಕೊಂಡು ಅವರ ಮನೆಗೆ ಓಡಿದೆ.

“ಮಾವ, ಮೈನಸ್ಸು ಅದೆ. ಸರೀ ನೋಡಿ.”

ಅವರು ಪೇಪರನ್ನು ಹತ್ತಿರ ತಂದರು, ದೂರ ಹಿಡಿದರು. “ನಂಗೆ ಕಾಣೂದಿಲ್ಲ. ಕಾಣದ್ದಕ್ಕೆ ಮಾರ್ಕ್ಸ್ ಕೊಡೂಕೆ ಬರೂದಿಲ್ಲ.”

ಆ ಒಂದು ಅಂಕದ ದೆಸೆಯಿಂದ ನಾನು ಎರಡು ತಿಂಗಳು ಬೆಳಿಗ್ಗೆ ಏಳಕ್ಕೇ ಸ್ಪೆಷಲ್ ಕ್ಲಾಸಿನಲ್ಲಿ ಕೂರಬೇಕಾಯಿತು, ಹದಿಮೂರು ಹುಡುಗರ ನಡುವೆ ಒಬ್ಬಳೇ ಹುಡುಗಿ. ಸಿಟ್ಟು ಬರುವುದಿಲ್ಲವೇ? ಆ ಪೇಪರನ್ನು ನನ್ನ ತಗಡಿನ ಟ್ರಂಕಿನಲ್ಲಿ ಜೋಪಾನ ಮಾಡಿ ಇಟ್ಟೆ. ಪ್ರತಿವರ್ಷ ಚೌತಿಗೆ ಎಲ್ಲರೂ ಭಾವಿಕೇರಿಯಲ್ಲಿ ಸೇರಿದಾಗ, ಊಟ ಮುಗಿಸಿ ಜಗಲಿಗೆ ಬಂದ ಕೂಡಲೇ ನಾನು ಮೈನಸ್ಸಿನ ಮಾತು ತೆಗೆಯುತ್ತಿದ್ದೆ. “ಇತ್ತು” ಎಂದು ನಾನು. “ಇರ್ಲಿಲ್ಲ” ಎಂದು ಅವರು. ಮಕ್ಕಳು ಎರಡು ಪಕ್ಷ ಮಾಡಿಕೊಂಡು ಕೂಗುತ್ತಿದ್ದವು. ಹೀಗೆ ಇಪ್ಪತ್ನಾಲ್ಕು ವರ್ಷ ಈ ವ್ಯಾಜ್ಯ ನಡೆಯಿತು.

ಸುಳ್ಳು ಹೇಳಬಾರದು, ಅದೇ ವರ್ಷ ಪಬ್ಲಿಕ್ ಪರೀಕ್ಷೆಯ ಗಣಿತದಲ್ಲಿ ನನಗೆ ಎಪ್ಪತ್ತೊಂದು ಬಂತು. ಫಲಿತಾಂಶದ ದಿನ ಮಾವ ತಮ್ಮ ಹಳೆಯ ಡಬ್ಬಾ ಕ್ಯಾಮರಾವನ್ನು ತಂದು ನನ್ನ ಕೈಗಿಟ್ಟರು. “ತಕಾ. ಒಳಗೆ ರೋಲು ಅದೆ. ಮುಂದಿನ ರೋಲು ನಾ ಕೊಡೂದಿಲ್ಲ,” ಎಂದರು. ನನಗೆ ಫೋಟೋದ ಹುಚ್ಚು ಹಿಡಿದದ್ದು ಅಲ್ಲಿಂದ. ಕಾರವಾರದಲ್ಲಿ ಬ್ಯಾಂಕಿನ ನೌಕರಿಗೆ ಸೇರಿದ ಮೇಲೂ ಬಿಡಲಿಲ್ಲ. ಭಾನುವಾರ ಬಂದರೆ ಕಡಲ ತಡಿ, ದೋಣಿ, ಬಲೆ, ಮೋಡ ಎಂದು ಅಲೆಯುತ್ತಿದ್ದೆ.

ಇಸವಿ ಎರಡು ಸಾವಿರದ ಏಳಿರಬೇಕು. ಹವ್ಯಾಸಿಗಳ ಕೈಗೂ ಎಟುಕುವಂತಹ ಡಿಜಿಟಲ್ ಎಸ್ಸೆಲ್ಲಾರ್ ಕ್ಯಾಮರಾಗಳು ಆಗಷ್ಟೇ ಅಂಗಡಿಗೆ ಬರುತ್ತಿದ್ದವು. ಅಂದರೆ ಲೆನ್ಸು ಬದಲಿಸಬಹುದಾದ, ಕಿಂಡಿಯಲ್ಲಿ ಕಣ್ಣಿಟ್ಟು ನೋಡುವ, ದೊಡ್ಡವರ ಕ್ಯಾಮರಾಗಳ ಕಿರಿಯ ತಮ್ಮ. ಹುಬ್ಬಳ್ಳಿಯ ಪರಿಚಯದ ಅಂಗಡಿಯವನು ಒಂದನ್ನು ಕೊಟ್ಟು, ಒಪ್ಪಿಗೆಯಾಗದಿದ್ದರೆ ಹದಿನೈದು ದಿನದೊಳಗೆ ವಾಪಸ್ ತನ್ನಿ ಎಂದಿದ್ದ. ಮನೆಗೆ ತಂದು ಪೆಟ್ಟಿಗೆ ತೆರೆದೆ. ಗಂಡ ಸುತ್ತಲೂ ನೋಡಿ, “ಇದ್ದ ಸಣ್ಣ ಕ್ಯಾಮರಾಕ್ಕೆ ಏನಾಗಿದೆ?” ಎಂದರು. ನಾನು ಮುಖ ಊದಿಸಿಕೊಂಡೆ. ಅವರು ಸ್ವಲ್ಪ ಯೋಚಿಸಿ ಒಂದು ತೀರ್ಪು ಕೊಟ್ಟರು. “ನಿಮ್ಮ ಮಾವನಿಗೆ ತೋರಿಸು. ಮೂವತ್ತೈದು ಬಂದರೆ ಇಟ್ಟುಕೋ. ನಾನೂ ಅಷ್ಟರಲ್ಲೇ ಒಳಗೆ ಬಂದವನಲ್ಲವಾ?”

ಇದು ನ್ಯಾಯವಾದ ಮಾತು. ಅಲ್ಲದೆ ನನಗೂ ಮೊದಲ ಕ್ಯಾಮರಾ ಹಿಡಿಸಿದವರು ಒಪ್ಪಿದರೆ ಚೆಂದ ಎಂದು ಆಸೆಯಿತ್ತು. ಮರುದಿನ ಭಾನುವಾರ, ಕ್ಯಾಮರಾ ಹೊತ್ತು ಭಾವಿಕೇರಿಗೆ ಹೋದೆ.

ಮಾವನಿಗೆ ಆಗ ಅರವತ್ತೆಂಟು. ಕನ್ನಡಕ ಸರಿಮಾಡಿಕೊಂಡು ಕ್ಯಾಮರಾವನ್ನು ಎಲ್ಲ ಕಡೆಯಿಂದ ನೋಡಿದರು. ಸೂಚನಾ ಪುಸ್ತಕವನ್ನು ಅತ್ತೆಯ ಕೈಗೆ ಕೊಟ್ಟು, “ಇದು ಕಾಪಿ ಚೀಟಿ. ಒಳಗಿಡು,” ಎಂದರು. ಹಾಳೆ ತೆಗೆದು ನೂರು ಅಂಕದ ಪ್ರಶ್ನೆಪತ್ರಿಕೆ ತಯಾರಿಸಿದರು. ವಿಭಾಗ ಅ, ದೇಹದಾರ್ಢ್ಯ. ವಿಭಾಗ ಆ, ದೃಷ್ಟಿ. ವಿಭಾಗ ಇ, ನಡತೆ.

“ಕ್ಯಾಮರಾಕ್ಕೆ ಎಂತ ನಡತೆ ಮಾವ?”

“ಅಲ್ಲೇ ಎಲ್ಲಾ ನಪಾಸಾಗೂದು,” ಎಂದರು ಮಾವ.

ಹೊತ್ತಿಗೆ ಸರಿಯಾಗಿ ಬೆಳಂಬಾರದ ಗಿರಿಜಕ್ಕ ಮೀನಿನ ಬುಟ್ಟಿ ಹೊತ್ತು ಅಂಗಳಕ್ಕೆ ಬಂದಳು. ಮಾವನ ಮನೆಗೆ ಇಪ್ಪತ್ತು ವರ್ಷಗಳಿಂದ ಮೀನು ಕೊಡುವವಳು ಅವಳೇ. ಮುಟ್ಟಿ ನೋಡಿ ಗುಣ ಹೇಳುವುದರಲ್ಲಿ ಅವಳಿಗೆ ಸಮನಾದವರು ತಾಲೂಕಿನಲ್ಲಿಲ್ಲ ಎಂದು ಮಾವನ ಅಭಿಪ್ರಾಯ. ಹೀಗಾಗಿ ವಿಭಾಗ ಅ ಕ್ಕೆ ಅವಳನ್ನೇ ಬಾಹ್ಯ ಪರೀಕ್ಷಕಳಾಗಿ ನೇಮಿಸಿದರು. ಗಿರಿಜಕ್ಕ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಕ್ಯಾಮರಾ ತೆಗೆದುಕೊಂಡಳು. ಮಗುಚಿ ನೋಡಿದಳು. ಹೆಬ್ಬೆರಳಿನಿಂದ ಒತ್ತಿದಳು. ಬ್ಯಾಟರಿಯ ಮುಚ್ಚಳ ಎತ್ತಿ, ಕಿವಿರು ನೋಡುವ ಹಾಗೆ ಒಳಗೆ ಇಣುಕಿದಳು.

“ಹೊಟ್ಟೆ ಮೆತ್ತಗಾಗದೆ ಮಾಸ್ತರ್ರೆ.”

“ಅದು ರಬ್ಬರು ಗಿರಿಜಕ್ಕ. ಕೈಗೆ ಹಿಡಿತ ಸಿಗೂಕೆ,” ಎಂದೆ.

“ಇಷ್ಟು ದೊಡ್ಡ ಬಾಯಿ ಇದ್ದದ್ದಕ್ಕೆ ತೂಕ ಬೇಕಿತ್ತು. ಹಗೂರ ಅದೆ. ಐಸಿನಲ್ಲಿ ಎಷ್ಟು ದಿವ್ಸ ಇಟ್ಟದ್ದೋ!”

ನಾನು ವಾದಿಸಿದೆ. ಮೇಲಿನ ದರ್ಜೆಯ ಕ್ಯಾಮರಾಗಳು ಲೋಹದವು, ಇದು ಪ್ಲಾಸ್ಟಿಕ್ಕು, ಒಪ್ಪುತ್ತೇನೆ. ಆದರೆ ದಿನವಿಡೀ ಕೊರಳಿಗೆ ಹಾಕಿಕೊಂಡು ಗುಡ್ಡ ಹತ್ತುವವಳಿಗೆ ಹಗುರವಾಗಿರುವುದೇ ಅನುಕೂಲವಲ್ಲವೇ? ಮಾವ ಹತ್ತಕ್ಕೆ ನಾಲ್ಕು ಹಾಕಿದ್ದವರು, ವಾದ ಕೇಳಿ ಐದು ಮಾಡಿದರು. ಇಂಥ ವಿಷಯದಲ್ಲಿ ಅವರು ನ್ಯಾಯವಂತರೇ.

ಗಿರಿಜಕ್ಕ ಹೊರಡುವ ಮೊದಲು ತನ್ನದೊಂದು ಫೋಟೋ ತೆಗೆಸಿಕೊಂಡಳು. ಹಿಂದಿನ ಪರದೆಯಲ್ಲಿ ನೋಡಿದವಳೇ, “ಅಯ್ಯೋ ದೇವಾ, ಮೂಗ್ಬಟ್ಟು ಹೊಳ್ಯೂದು ನೋಡಿ! ನನ್ನ ಲೆಕ್ಕದಲ್ಲಿ ಪಾಸು,” ಎಂದಳು.

ಮಾವ ಅದೇ ಪರದೆಯನ್ನು ಅಷ್ಟು ದೂರ ಹಿಡಿದು ನೋಡಿದರು. “ಮೂಗ್ಬಟ್ಟು ಎಲ್ಲದೆ?” ಎಂದರು.

ವಿಭಾಗ ಆ ಶುರುವಾಯಿತು. ಈ ಕ್ಯಾಮರಾದಲ್ಲಿ ಹಿಂದಿನ ಪರದೆ ನೋಡಿಕೊಂಡು ಫೋಟೋ ತೆಗೆಯುವಂತಿರಲಿಲ್ಲ. ತೆಗೆದಾದ ಮೇಲೆ ಮಾತ್ರ ಅಲ್ಲಿ ಚಿತ್ರ ಕಾಣುತ್ತಿತ್ತು. ತೆಗೆಯುವಾಗ ಕಿಂಡಿಗೆ ಕಣ್ಣಿಡಲೇಬೇಕು. ಇದು ಮಾವನಿಗೆ ಬಹಳ ಹಿಡಿಸಿತು. “ಶಿಸ್ತು ಅದೆ,” ಎಂದು ಮೂರಕ್ಕೆ ಎರಡೂವರೆ ಕೊಟ್ಟರು. ಆದರೆ ಕಣ್ಣಿಟ್ಟ ಮೇಲೆ ಹುಬ್ಬು ಗಂಟಾಯಿತು.

“ಮಸುಕು.”

ಕಿಂಡಿಯ ಪಕ್ಕದಲ್ಲಿ ಒಂದು ಪುಟ್ಟ ಚಕ್ರವಿರುತ್ತದೆ, ಅವರವರ ಕಣ್ಣಿಗೆ ತಕ್ಕಂತೆ ತಿರುಗಿಸಿಕೊಳ್ಳಬಹುದು ಎಂದು ತೋರಿಸಿದೆ. ಮಾವ ಆ ಕಡೆಯ ತುದಿಯವರೆಗೆ ತಿರುಗಿಸಿದರು, ಈ ಕಡೆಯ ತುದಿಯವರೆಗೆ ತಿರುಗಿಸಿದರು. “ಈಗ್ಲೂ ಮಸುಕೇಯ.” ನಾನು ಇಣುಕಿದರೆ ಎದುರಿನ ತೆಂಗಿನ ಗರಿಯ ಒಂದೊಂದು ಕಡ್ಡಿಯೂ ಕಾಣುತ್ತಿತ್ತು. ಹೇಳಿದೆ. “ನೀ ಪಾರ್ಟಿ. ನಿನ್ನ ಸಾಕ್ಷಿ ನಡ್ಯೂದಿಲ್ಲ,” ಎಂದು ಐದಕ್ಕೆ ಸೊನ್ನೆ ಸುತ್ತಿದರು.

ಕ್ಯಾಮರಾವನ್ನು ಅಲ್ಲೇ ಬಿಟ್ಟು ನಾನು ಕಾರವಾರಕ್ಕೆ ಮರಳಿದೆ. ಮುಂದಿನ ಭಾನುವಾರ ಸಮುದ್ರದ ಪರೀಕ್ಷೆ. ಮಾವ ಅಂಕೋಲೆಯಲ್ಲಿ ಕಾರವಾರದ ಬಸ್ಸು ಹತ್ತಿ ನನಗೆ ಫೋನು ಮಾಡಿದರು. ಅವರು ಫೋನಿನಲ್ಲಿ ಮಾತಾಡುವುದು ಕೊನೆಯ ಬೆಂಚಿನವರಿಗೂ ಕೇಳಬೇಕೆಂಬ ದನಿಯಲ್ಲಿ. (ನಮ್ಮ ಕಡೆ ಕಿರಿಯ ಹೆಣ್ಣುಮಕ್ಕಳೆಲ್ಲ ತಂಗಿಯರೇ.) “ತಂಗಿ, ಬಸ್ಸು ಹತ್ತಿದೆ. ಎಸ್ಸೆಲ್ಲಾರು ತೊಡೆ ಮೇಲೇ ಅದೆ. ಯಾರಿಗೂ ಕಾಣದ ಹಂಗೆ ಟವೆಲ್ ಸುತ್ತಿದ್ದೆ. ಸೆಕೆಂಡಿಗೆ ಮೂರು ಹೊಡಿತದೆ ಹೇಳಿದ್ಯಲ್ಲ? ಜನ ಜಾಸ್ತಿ ಇದ್ದಲ್ಲೇ ನಿಂತು ಹೊಡ್ದು ನೋಡ್ತೆ!”

ಹಿಂದಿನ ಸೀಟಿನಲ್ಲಿ ಮಿಲಿಟರಿಯಿಂದ ನಿವೃತ್ತರಾದ ಒಬ್ಬರು ಕುಳಿತಿದ್ದರು. ಅವರ ಜೀವಮಾನದಲ್ಲಿ ಎಸ್ಸೆಲ್ಲಾರ್ ಎಂದರೆ ಒಂದೇ, ಹೆಗಲಿಗೆ ಹಾಕಿಕೊಂಡು ಓಡಾಡಿದ ರೈಫಲ್ಲು! ಅವರು ಮೆಲ್ಲಗೆ ಎದ್ದು ಕಂಡಕ್ಟರನ ಕಿವಿಯಲ್ಲಿ ಹೇಳಿದರು. ಕಂಡಕ್ಟರ ಡ್ರೈವರನ ಕಿವಿಯಲ್ಲಿ ಹೇಳಿದ. ದಾರಿಯ ಪೊಲೀಸ್ ಚೌಕಿಯ ಎದುರು ಬಸ್ಸು ನಿಂತಿತು. ಒಬ್ಬ ಹವಾಲ್ದಾರ ಹತ್ತಿ ಬಂದು, ಟವೆಲ್ಲಿನ ಮೇಲೆ ಕಣ್ಣಿಟ್ಟುಕೊಂಡೇ, ಕೈ ಮೇಲೆತ್ತಿ ಎಂದ. ಆಮೇಲೆ ಮುಖ ನೋಡಿದ.

“ಮಾಸ್ತರ್ರೆ! ನೀವಾ? ನನ್ನ ಗುರ್ತು ಸಿಗ್ತಾ? ಗಣಿತದಲ್ಲಿ ನಂಗೆ ಹದ್ನೆಂಟು ಕೊಟ್ಟಿದ್ರಿ.”

ಮಾವ ಕೈ ಮೇಲೆತ್ತಿಕೊಂಡೇ ಇದ್ದರು. “ಹತ್ತೊಂಬತ್ತು,” ಎಂದರು.

ಟವೆಲ್ ಬಿಚ್ಚಿದ್ದಾಯಿತು, ಬಸ್ಸಿನವರೆಲ್ಲ ನಕ್ಕಿದ್ದಾಯಿತು, ಮಿಲಿಟರಿಯವರು ಕ್ಷಮೆ ಕೇಳಿದ್ದೂ ಆಯಿತು. ಆ ಹಾಳೆಯ ವಿಭಾಗ ಇ ಯಲ್ಲಿ ಇವತ್ತಿಗೂ ಕೆಂಪಕ್ಷರದಲ್ಲಿ ಇದೆ: ‘ಹೆಸರು ಅನರ್ಥಕ್ಕೆ ಎಡೆಮಾಡುವಂತಿದೆ. ಎರಡು ಅಂಕ ಕಡಿತ.’

ಕಾರವಾರದ ಕಡಲ ತಡಿಯಲ್ಲಿ ಮಾವ ಲೆನ್ಸನ್ನು ಪೂರ್ತಿ ಅಗಲ ಮಾಡಿ ಸಮುದ್ರದ ಫೋಟೋ ತೆಗೆದರು. ಮೋಡವೇ ಇರದ ದಿನ. ದೂರದಲ್ಲಿ ನೀರು ಆಕಾಶಕ್ಕೆ ಸೇರುವ ಗೆರೆ ನೀಟಾಗಿ ಕಾಣುತ್ತಿತ್ತು. ಕತ್ತಲಾಗುತ್ತ ಬಂದರಿನ ಕಡೆ ದೀಪಗಳು ಹತ್ತಿದವು. ಮಾವ ಮತ್ತೆ ಕಿಂಡಿಗೆ ಕಣ್ಣಿಟ್ಟರು.

“ತಂಗಿ, ನಿನ್ನ ಕ್ಯಾಮರಾ ದೀಪಕ್ಕೆಲ್ಲ ಬಳೆ ತೊಡಿಸ್ತದಲ್ಲೆ!”

ನಾನು ನೋಡಿದೆ. ದೀಪ ದೀಪದ ಹಾಗೇ ಇತ್ತು. “ಬಳೆ ಎಂತದೂ ಇಲ್ಲ ಮಾವ.”

“ಇಲ್ಲದ್ದು ಅದೆ ಹೇಳೂದು, ಇದ್ದದ್ದು ಇಲ್ಲ ಹೇಳೂದು. ಮೂವತ್ನಾಕು ಬಂದಾಗ್ಲೂ ನೀ ಹೀಂಗ್ಯೇ ಮಾಡ್ದೆ.” ಆರಕ್ಕೆ ಸೊನ್ನೆ.

ಮನೆಗೆ ಬಂದು ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿದೆವು. ಮಾವ ಚೀಲದಿಂದ ಸ್ಟೀಲಿನ ಅಡಿಪಟ್ಟಿ ತೆಗೆದು ಪರದೆಯ ಮೇಲೆ ಸಮುದ್ರಕ್ಕೆ ಅಡ್ಡ ಹಿಡಿದರು. ಅಡಿಪಟ್ಟಿಯ ಗೆರೆಗಳನ್ನು ಓದುವ ಕೆಲಸ ನನಗೆ ಬಂತು. ಓದಿದೆ, ತಪ್ಪಿಸಿಕೊಳ್ಳುವಂತಿರಲಿಲ್ಲ. ಸಮುದ್ರ ನಡುವಿನಲ್ಲಿ ಎರಡು ಮಿಲಿಮೀಟರು ಉಬ್ಬಿತ್ತು! ಜೊತೆಗೇ ಕೊಡುವ ಇಂಥ ಕಿಟ್ ಲೆನ್ಸುಗಳ ಗುಣವೇ ಅದು, ಪೂರ್ತಿ ಅಗಲದಲ್ಲಿ, ಅಂದರೆ ಲೆನ್ಸಿನ ಹದಿನೆಂಟು ಮಿಲಿಮೀಟರಿನ ಗುರುತಿನಲ್ಲಿ, ಗೆರೆ ಬಾಗುತ್ತದೆ, ಸ್ವಲ್ಪ ಜೂಮ್ ಮಾಡಿ ಇಪ್ಪತ್ನಾಲ್ಕಕ್ಕೆ ತಂದರೆ ನೆಟ್ಟಗಾಗುತ್ತದೆ ಎಂದು ವಿವರಿಸಿದೆ. ನನ್ನ ಗಂಡ ಸಹಾಯಕ್ಕೆ ಬಂದರು.

“ಮಾವ, ಭೂಮಿ ಗುಂಡಗಿದೆಯಲ್ಲ. ಅದಕ್ಕೇ ಹಾಗೆ ಕಾಣೋದು.”

“ಭೂಮಿ ಗುಂಡಗದೆ ಹೇಳಿ ಈ ಲೆನ್ಸಿಗೆ ಗೊತ್ತಾಗೂದು ಹದ್ನೆಂಟು ಮಿಲಿಮೀಟರಿಗೆ ಮಾತ್ರ. ಇಪ್ಪತ್ನಾಕಕ್ಕೆ ಹೋದ ಕೂಡ್ಲೆ ಮರ್ತು ಹೋಗ್ತದಾ?” ಎಂದರು ಮಾವ. ಗಂಡ ಎದ್ದು ಚಹಾ ಮಾಡಲು ಹೋದರು. ನಾಲ್ಕು ಅಂಕ ಹೋಯಿತು.

ಒಳ್ಳೆಯದಕ್ಕೆ ಒಳ್ಳೆಯದೆಂದೂ ಬರೆದರು, ಅದನ್ನೂ ಹೇಳಬೇಕು. ಬ್ಯಾಟರಿ ವಾರ ಪೂರ್ತಿ ಬಂತು, ಎಂಟಕ್ಕೆ ಏಳು. (ಎಂಟಕ್ಕೆ ಎಂಟು ಅವರು ದೇವರಿಗೂ ಕೊಡುವುದಿಲ್ಲ.) ಗುಂಡಿ ಒತ್ತಿದ ತಕ್ಷಣ ಫೋಟೋ ಬೀಳುತ್ತದೆ, ಹಾರುವ ಕಡಲಕಾಗೆ ಚೌಕಟ್ಟಿನಲ್ಲಿ ಸಿಕ್ಕಿತು, ಐದಕ್ಕೆ ನಾಲ್ಕು. ಕಡಿಮೆ ಬೆಳಕಿನಲ್ಲಿ ಕ್ಯಾಮರಾದ ಸೂಕ್ಷ್ಮತೆಯನ್ನು, ಅಂದರೆ ಐಎಸ್ಓವನ್ನು, ಎಂಟುನೂರರವರೆಗೆ ಏರಿಸಿದರೆ ತೊಂದರೆಯಿಲ್ಲ, ಅದರ ಮೇಲೆ ಹೋದರೆ ಉಪ್ಪು ಉದುರಿಸಿದ ಹಾಗೆ ಚುಕ್ಕಿ ಬರುತ್ತದೆ ಎಂದು ನಾನು ಹೇಳಿದ್ದನ್ನು ಬರೆದುಕೊಂಡು, ವಿದ್ಯಾರ್ಥಿ ತನ್ನ ಮಿತಿಯನ್ನು ತಾನೇ ಒಪ್ಪಿಕೊಂಡಿದ್ದಾನೆ ಎಂದು ಅರ್ಧ ಅಂಕ ಸೇರಿಸಿದರು.

ಕ್ಯಾಮರಾ ಮತ್ತೆ ಮಾವನ ಜೊತೆಗೇ ಹೋಯಿತು. ಹದಿನಾಲ್ಕನೆಯ ದಿನ ಶನಿವಾರ. ಅರ್ಧ ದಿನದ ಕೆಲಸ ಮುಗಿಸಿ ಭಾವಿಕೇರಿಗೆ ಹೋದರೆ ಜಗಲಿಯಲ್ಲಿ ಯುದ್ಧ. ಬಿಳಿ ಬಣ್ಣದ ಪರೀಕ್ಷೆಗೆಂದು ಮಾವ ಒಣಹಾಕಿದ ತಮ್ಮ ಪಂಚೆಯ ಫೋಟೋ ತೆಗೆದು, ಅಂಕೋಲೆಯ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದರು.

“ಹಳದಿ!” ಎಂದು ಮಾವ ಪ್ರಿಂಟನ್ನು ನನ್ನ ಮುಂದೆ ಹಿಡಿದರು. “ನೋಡು, ಅರಿಶಿಣದ ನೀರಿನಲ್ಲಿ ಅದ್ದಿದ ಹಂಗೆ.”

ಪಂಚೆ ಪ್ರಿಂಟಿನಲ್ಲಿ ಹಾಲಿನಷ್ಟು ಬೆಳ್ಳಗಿತ್ತು.

“ಕ್ಯಾಮರಾಕ್ಕೆ ಎಂತಕ್ಕೆ ಬೈತ್ರಿ?” ಎಂದು ಅತ್ತೆ ಒಳಗಿನಿಂದಲೇ ಸಿಡಿದರು. “ಆರು ತಿಂಗ್ಳಿಂದ ಪಂಚೆಯೇ ಹಳದಿ, ನೀ ಸರೀ ಒಗ್ಯೂದಿಲ್ಲ ಹೇಳಿ ನನ್ನ ಜೀವ ತಿಂದ್ರಿ. ನೀಲಿ ಹಾಕಿ ಹಾಕಿ ನನ್ನ ಬೆರಳೇ ನೀಲಿಯಾಯ್ತು! ಪಂಚೆ ಹಳದಿಯಾದ್ರೆ ಫೋಟೋದಲ್ಲೂ ಹಳದಿ ಬಂದದೆ. ಕ್ಯಾಮರಾ ಸರೀನೇ ಅದೆಯಲ್ಲ?”

ತರ್ಕ ಬಹಳ ಗಟ್ಟಿಯಾಗಿತ್ತು. ಗಣಿತದ ಮಾಸ್ತರು “ಎರಡೂ ತಪ್ಪು,” ಎಂದು ಗೊಣಗಿ ಆರಕ್ಕೆ ಸೊನ್ನೆ ಹಾಕಿದರು. ಅವತ್ತು ಮಧ್ಯಾಹ್ನದ ಚಹಾ ನನಗೆ ಮಾತ್ರ ಬಂತು.

ಸಂಜೆ ಐದಕ್ಕೆ ಫಲಿತಾಂಶ. ಮಾವ ಮೂರು ಸಲ ಕೂಡಿಸಿದರು. ಒಟ್ಟು ಮೂವತ್ತೊಂದು. ಕ್ಯಾಮರಾ ಇನ್ನೂ ಮನೆಯದಾಗಿರದ ಕಾರಣ ಗ್ರೇಸ್ ಮೂರು. ಒಟ್ಟು ಸುತ್ತಿ ನನ್ನ ಕಡೆ ತಿರುಗಿಸಿದರು. ಮೂವತ್ನಾಲ್ಕು!

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೆಳಗಾದರೆ ಹುಬ್ಬಳ್ಳಿಯ ಬಸ್ಸು ಹತ್ತಿ ಕ್ಯಾಮರಾ ವಾಪಸ್ ಕೊಡಬೇಕು. ಎರಡು ವಾರದಲ್ಲಿ ಆ ಕ್ಯಾಮರಾ ನನ್ನದೇ ಎಂದು ಮನಸ್ಸಿಗೆ ಒಗ್ಗಿಹೋಗಿತ್ತು. ಮೂವತ್ತೊಂಬತ್ತು ವರ್ಷದ ಹೆಂಗಸು, ಬ್ಯಾಂಕಿನಲ್ಲಿ ಹತ್ತು ಜನ ಮೇಡಂ ಎನ್ನುವವಳು, ಒಂದು ಅಂಕಕ್ಕೆ ಮತ್ತೆ ಕಣ್ಣು ತುಂಬಿಕೊಂಡು ಆ ಜಗಲಿಯಲ್ಲೇ ನಿಂತಿದ್ದೆ. ಈ ಸಲ ಮಾತ್ರ ಬಿಡುವುದಿಲ್ಲ ಎಂದುಕೊಂಡೆ. ಅವರದೇ ಹಾಳೆ ಎಳೆದುಕೊಂಡು ಬರೆದೆ: ‘ಮಾನ್ಯರೆ, ಮರು ಮೌಲ್ಯಮಾಪನಕ್ಕಾಗಿ ಅರ್ಜಿ.’

ಮಾವ ಅರ್ಜಿಯನ್ನು ಗಂಭೀರವಾಗಿ ಸ್ವೀಕರಿಸಿದರು. ಹಕ್ಕು ಹಕ್ಕೇ. “ಯಾವ ಪ್ರಶ್ನೆ?”

“ದೀಪದ ಬಳೆ.”

ಮುಸ್ಸಂಜೆಯಾಗಿತ್ತು. ಅತ್ತೆ ಅಂಗಳದ ಬಲ್ಬು ಹಾಕಿದರು. ಮಾವ ಕುರ್ಚಿಯಲ್ಲಿ ಕುಳಿತು ಕ್ಯಾಮರಾ ಎತ್ತಿ ಕಿಂಡಿಯಲ್ಲಿ ನೋಡಿದರು. “ಬಳೆ ಅದೆ. ಸ್ಪಷ್ಟ ಅದೆ,” ಎಂದರು. ಕ್ಯಾಮರಾವನ್ನು ತೊಡೆಯ ಮೇಲಿಟ್ಟು, ಪೆನ್ನಿನ ಟೊಪ್ಪಿ ತೆಗೆದು, ಸೊನ್ನೆ ಬರೆಯುವ ಮೊದಲು ಬಲ್ಬಿನ ಕಡೆ ಒಮ್ಮೆ ನೋಡಿದರು. ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತು.

ಎಡಗಣ್ಣು ಮುಚ್ಚಿ ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಕನ್ನಡಕ ತೆಗೆದು ಪಂಚೆಗೆ ಒರೆಸಿ ಮತ್ತೆ ನೋಡಿದರು.

“ಏ, ಇಲ್ಲಿ ಬಾ,” ಎಂದು ಅತ್ತೆಯನ್ನು ಕರೆದರು. “ಆ ದೀಪದ ಸುತ್ತ ಎಂತಾರೂ ಕಾಣ್ತದ್ಯೇನೆ?”

“ಎರಡು ಹುಳ ಹಾರ್ತದೆ.”

“ಮತ್ತೆಂತದೂ ಇಲ್ಲ?”

“ಮತ್ತೆಂತ ಇರ್ತದೆ?”

ಮಾವ ಹಾಳೆಯನ್ನು ಮೊದಲಿನಿಂದ ತೆಗೆದು ಓದಿದರು. ದೀಪದ ಬಳೆಗೆ ಹಾಕಿದ್ದ ಸೊನ್ನೆ ಹೊಡೆದು ಆರು ಬರೆದರು. ಪಂಚೆಯ ಸೊನ್ನೆ ಹೊಡೆದು ಆರು. ಮಸುಕಿನ ಸೊನ್ನೆ ಹೊಡೆದು ಐದು. ತಿದ್ದಿದಲ್ಲೆಲ್ಲ ಚಿಕ್ಕ ಸಹಿ ಹಾಕಿದರು. ಮೂವತ್ತೊಂದಕ್ಕೆ ಹದಿನೇಳು ಕೂಡಿಸಿದರೆ ನಲವತ್ತೆಂಟು. ಗ್ರೇಸ್ ಬೇಕಾಗಿಲ್ಲವೆಂದು ಆ ಮೂರನ್ನು ವಾಪಸ್ ತೆಗೆದುಕೊಂಡರು. ಸಮುದ್ರ ಬಾಗಿದ್ದಕ್ಕೆ ಕಳೆದ ನಾಲ್ಕನ್ನು ಮಾತ್ರ ಕೊಡಲಿಲ್ಲ, “ಅಡಿಪಟ್ಟಿ ಓದಿದ್ದು ನಾನಲ್ಲ, ನೀನು,” ಎಂದರು. ಕೆಳಗೆ ಷರಾ ಬರೆದು ಹಾಳೆಯನ್ನು ನನಗೆ ಕೊಟ್ಟರು. ‘ಉತ್ತೀರ್ಣ. ದೋಷ ಪರೀಕ್ಷಕನದು.’

ನನ್ನ ಕ್ಯಾಮರಾ ನನಗೆ ಉಳಿಯಿತು. ಖುಷಿಯಾಗಬೇಕಿತ್ತು, ಆಗಲಿಲ್ಲ.

ಮರುವಾರ ಕಾರವಾರದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಎರಡೂ ಕಣ್ಣಿಗೆ ಪೊರೆ, ನಮ್ಮ ಕಡೆ ಮೋತಿಬಿಂದು ಎನ್ನುವುದು. ಹೆದರುವುದೇನಿಲ್ಲ, ಒಂದೊಂದಾಗಿ ಆಪರೇಷನ್ ಮಾಡಿದರೆ ಸರಿಯಾಗುತ್ತದೆ ಎಂದರು. ದಿನ ಗೊತ್ತಾಯಿತು. ಆ ಬೆಳಿಗ್ಗೆ ಅತ್ತೆ ಔಷಧದ ಚೀಟಿ ಹಿಡಿದು ಹೋಗಿದ್ದರು. ಮಾವ ಮತ್ತು ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದೆವು. ಅವರ ಕಣ್ಣಿಗೆ ಹನಿ ಹಾಕಿ ಮುಚ್ಚಿಕೊಂಡಿರಲು ಹೇಳಿದ್ದರು. ಅಷ್ಟು ಸುಮ್ಮನೆ ಕುಳಿತ ಮಾವನನ್ನು ನಾನು ಎಂದೂ ನೋಡಿರಲಿಲ್ಲ. ಹೆದರಿದ್ದಾರೆ ಎಂದುಕೊಂಡೆ.

“ತಂಗಿ,” ಎಂದರು. “ನಿನ್ನ ಆ ಪೇಪರ್ ತಿದ್ದುವಾಗ ನಂಗೆ ನಲವತ್ನಾಕು. ಚಾಳೀಸು ಬಂದಿತ್ತು. ಹತ್ತಿರದ್ದು ಕಾಣ್ತಿರ್ಲಿಲ್ಲ. ಕನ್ನಡಕ ಹಾಕಿರೆ ಹುಡುಗ್ರು ನಗಾಡ್ತ್ರು ಹೇಳಿ ಎರಡು ವರ್ಷ ಹಾಕ್ಕಂಡಿಲ್ಲ.”

ನಾನು ಅವರ ಕಡೆ ತಿರುಗಿ ಕುಳಿತೆ.

“ಎರಡು ವರ್ಷ,” ಎಂದರು. “ಎಷ್ಟು ಮಕ್ಕಳ ಪೇಪರ್ ತಿದ್ದಿದ್ನೋ. ಯಾರದ್ದಾರೂ ಮೂರು ನಂಗೆ ಎಂಟು ಕಂಡಿತ್ತೋ ಎಂತದೋ. ಅವ್ರೆಲ್ಲ ಈಗ ಎಲ್ಲಿದ್ರೋ, ಅವ್ರಿಗೆ ಕೇಳೂಕೆ ಬರೂದಿಲ್ಲ. ಕೇಳಿರೆ ನಿಂಗೇ ಕೇಳ್ಬೇಕು. ಖರೇ ಹೇಳು. ಆ ಮೈನಸ್ಸು ಇತ್ತೇನೆ?”

ಅವರ ಕೈ ಬೆಂಚಿನ ಮೇಲಿತ್ತು. ಕೆಂಪು ಶಾಯಿಯ ಕಲೆ ಹೋಗದ ಬೆರಳು. ಇಪ್ಪತ್ನಾಲ್ಕು ವರ್ಷ ಈ ಪ್ರಶ್ನೆಯನ್ನು ಅವರ ಬಾಯಿಂದ ಕೇಳಬೇಕೆಂದು ನಾನು ಕಾದಿದ್ದೆ. ಗೆಲ್ಲುವುದಕ್ಕೆ ಒಂದೇ ಮಾತು ಸಾಕಾಗಿತ್ತು. ನನಗೆ ದುಃಖ ಉಕ್ಕಿ ಬಂತು.

“ಇರ್ಲಿಲ್ಲ ಮಾವ,” ಎಂದೆ. “ಬರ್ಯೂಕೇ ಮರ್ತಿದ್ದೆ. ಶಾಯಿ ಮುಗ್ದಿತ್ತು ಹೇಳಿ ಸುಳ್ಳು ಹೇಳಿದ್ದೆ.”

“ಖರೇ?”

“ದೇವ್ರಾಣೆ.”

ಮಾವ ದೊಡ್ಡದಾಗಿ ಉಸಿರು ಬಿಟ್ಟರು. ಮುಚ್ಚಿದ ಕಣ್ಣಿನಲ್ಲೇ ಮುಖವೆಲ್ಲ ಸಡಿಲವಾಯಿತು. “ನಂಗೆ ಗೊತ್ತಿತ್ತು,” ಎಂದರು. “ಇರ್ಲಿಲ್ಲ ಹೇಳಿ ನಾ ಅವತ್ತೇ ಹೇಳಿದ್ದೆ. ಅಷ್ಟು ವರ್ಷ ವಾದ ಮಾಡ್ದ್ಯಲ್ಲೆ, ಮಹಾ ಹಟಮಾರಿ!” ಕೈ ತಡಕಾಡಿ ನನ್ನ ಕೈ ಹುಡುಕಿ ಹಿಡಿದುಕೊಂಡರು. ನರ್ಸ್ ಬಂದು ಕರೆಯುವವರೆಗೆ ಬಿಡಲಿಲ್ಲ.

ಆ ವರ್ಷದ ಚೌತಿಯಲ್ಲಿ ಊಟ ಮುಗಿದು ಜಗಲಿಗೆ ಬರುವುದಕ್ಕೂ ಪುರಸೊತ್ತಿಲ್ಲದೆ, “ಅವಳೇ ಒಪ್ಕಂಡ್ಲು, ಕೇಳಿ!” ಎಂದು ಮಾವ ಎಲ್ಲರ ಮುಂದೆ ಸಾರಿದರು. ನನ್ನ ಪಕ್ಷದ ಮಕ್ಕಳು ಛೇ ಎಂದವು. ನಾನು ತಲೆ ತಗ್ಗಿಸಿ, ನಲವತ್ತೆಂಟು ಅಂಕದ ಕ್ಯಾಮರಾದಲ್ಲಿ ಮಾವ ನಗುವ ಫೋಟೋ ತೆಗೆದೆ. ಪರದೆಯಲ್ಲಿ ತೋರಿಸಿದರೆ, “ಹಿಂದೆ ಗೋಡೆ ಮೇಲೆ ಇರುವೆ ಹೋಗ್ತದೆ ನೋಡು,” ಎಂದರು. ಇತ್ತು, ಒಂದು ಇರುವೆ!

ಈಗ ಅವರ ಕಣ್ಣು ಅಷ್ಟು ಚುರುಕಾಗಿದೆ. ನಮ್ಮ ಮನೆಗೆ ಬಂದಾಗ ಕೈಗೆ ಸಿಕ್ಕ ಕಾಗದವನ್ನೆಲ್ಲ ಎತ್ತಿ ಓದುತ್ತಾರೆ. ಆ ಪೇಪರನ್ನು ಹರಿದು ಹಾಕೋಣವೆಂದು ಒಂದು ದಿನ ಟ್ರಂಕು ತೆಗೆದೆ, ಕೈ ಬರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಏಳನೆಯ ಲೆಕ್ಕದ ಕೊನೆಯಲ್ಲಿ, ಮೂರರ ಹಿಂದೆ, ಮಾಸಿದ ನೀಲಿಯಲ್ಲಿ ಮೈನಸ್ಸು ಇದೆ. ತೆಳ್ಳಗಿದೆ, ಆದರೆ ಇದೆ. ಪೇಪರನ್ನು ಸೀರೆಯ ಮಡಿಕೆಯೊಳಗೆ ಇಟ್ಟು ಟ್ರಂಕಿಗೆ ಬೀಗ ಹಾಕಿದೆ.